ಬಿಸಿಯಾದರೆ ಸೋಲುವ ಗಾಡಿ

ನನ್ನ ಭಾವನ ಗಾಡಿ ತಣ್ಣಗಿದ್ದಾಗ ಆನೆಮರಿ, ಬಿಸಿಯಾದರೆ ಬಸವನಹುಳು. ಆಸ್ಪತ್ರೆಯ ತೋಟದಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವ ಪುಟ್ಟ ಟ್ರಾಕ್ಟರ್ ಅದು. ಹುಲ್ಲು ಕತ್ತರಿಸುತ್ತದೆ, ಹಿಂದೆ ನೀರಿನ ಟ್ಯಾಂಕು ಕಟ್ಟಿದರೆ ದಿಣ್ಣೆಯ ಮೇಲಿನ ಗಿಡಗಳವರೆಗೆ ಎಳೆದುಕೊಂಡು ಹೋಗುತ್ತದೆ. ಎರಡು ತಿಂಗಳಿಂದ ಅರ್ಧ ಗಂಟೆ ದುಡಿದ ಮೇಲೆ ದಿಣ್ಣೆಯ ನಡುವೆ ನಿಂತುಬಿಡುತ್ತಿತ್ತು. ಎಂಜಿನ್ ಗುಡುಗುಡು ಅನ್ನುತ್ತಲೇ ಇರುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ.

ಇದಕ್ಕೆ ಕ್ಲಚ್ಚಿಲ್ಲ, ಬದಲಾಯಿಸುವ ಗೇರಿಲ್ಲ. ಒಳಗೊಂದು ಪಂಪು ಆಯಿಲನ್ನು ಒತ್ತಿ ತಳ್ಳುತ್ತದೆ, ಆ ಒತ್ತಡಕ್ಕೆ ಚಕ್ರ ತಿರುಗುತ್ತದೆ. ಬಲಗಾಲಿನ ಪೆಡಲ್ ಒಂದೇ ಸಾಕು. ಭಾವನಿಗೆ ಬೇಕಾಗಿದ್ದೂ ಅದೇ. ಏಳು ವರ್ಷದ ಹಿಂದೆ ಮರದ ಕೊಂಬೆ ಬಿದ್ದು ಅವರ ಎಡಗಾಲು ಮುರಿದಿತ್ತು. ಒಳಗೆ ಸ್ಟೀಲ್ ಪಟ್ಟಿ ಕೂರಿಸಿದ್ದಾರೆ, ಮಂಡಿ ಸರಿಯಾಗಿ ಮಡಚುವುದಿಲ್ಲ. ಕ್ಲಚ್ ತುಳಿಯುವ ಗಾಡಿ ಬಂದರೆ ಅವರ ಕೆಲಸ ಹೋದಂತೆಯೇ. ಆಸ್ಪತ್ರೆಯ ಮೇಲ್ವಿಚಾರಕರು ಕೆಟ್ಟವರೇನಲ್ಲ, ಆದರೆ ದಿಣ್ಣೆಯ ಮೇಲೆ ಗಿಡಗಳು ಒಣಗುತ್ತಿದ್ದವು. ಶನಿವಾರ ಬೆಳಿಗ್ಗೆ ತುಂಬಿದ ಟ್ಯಾಂಕನ್ನು ಮೂರು ಸಲ ಹತ್ತಿಸಿ ತೋರಿಸಿದರೆ ಸರಿ, ಇಲ್ಲದಿದ್ದರೆ ಹೊಸ ಗಾಡಿ, ಅದಕ್ಕೊಬ್ಬ ಹೊಸ ಚಾಲಕ ಎಂದು ಹೇಳಿಬಿಟ್ಟಿದ್ದರು.

ಮೆಕ್ಯಾನಿಕ್ ನಾನು. ಗೊಣಗುವ ಮೆಕ್ಯಾನಿಕ್ ಎಂದೇ ನಮ್ಮ ಬೀದಿಯಲ್ಲಿ ಹೆಸರು, ಅದನ್ನು ಉಳಿಸಿಕೊಂಡು ಬಂದಿದ್ದೇನೆ. ಭಾವ ಮೂರು ಸಲ ಗಾಡಿಯನ್ನು ನನ್ನ ಶೆಡ್ಡಿಗೆ ತಂದರು. ಮೊದಲ ಸಲ ಬೆಲ್ಟ್ ಸವೆದಿದೆ ಎಂದು ಬದಲಾಯಿಸಿದೆ. ಗಾಡಿಯನ್ನು ಕೈಯಿಂದ ತಳ್ಳಬೇಕಾದಾಗ ಎಳೆಯುವ ಸರಳೊಂದು ಹಿಂದೆ ಇರುತ್ತದೆ. ಅದು ಪೂರ್ತಿ ಒಳಗೆ ಹೋಗದಿದ್ದರೆ ಒತ್ತಡ ಸೋರುತ್ತದೆ. ಅದೂ ಸರಿಯಾಗಿತ್ತು. ಎರಡನೇ ಸಲ ಆಯಿಲು, ಫಿಲ್ಟರು ಹೊಸದು ಹಾಕಿದೆ. ಒಳಗೆ ಗಾಳಿ ಸೇರಿಕೊಂಡಿರಬಹುದೆಂದು ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಒತ್ತುತ್ತಾ, ಕುಂಯ್ ಅನ್ನುವ ಸದ್ದು ನಿಲ್ಲುವವರೆಗೆ ಗಾಳಿ ತೆಗೆದೆ. ಮೂರನೇ ಸಲ ಕಲ್ಲು ತುಂಬಿದ ಗಾಡಿ ಕಟ್ಟಿ ನಮ್ಮ ಬೀದಿಯ ಏರಿನಲ್ಲಿ ಒಂದು ಗಂಟೆ ಎಳೆಸಿದೆ. ಒಮ್ಮೆಯೂ ಏದುಸಿರು ಬಿಡಲಿಲ್ಲ. ಮರುದಿನ ತೋಟದಲ್ಲಿ ಮತ್ತೆ ಕೈಕೊಟ್ಟಿತು.

ಪ್ರತಿ ಸಲವೂ ನಾನು ಭಾವನನ್ನು ಕೇಳುವುದು ಒಂದೇ ಪ್ರಶ್ನೆ, ಇತ್ತೀಚೆಗೆ ಗಾಡಿಯಲ್ಲಿ ಏನಾದರೂ ಬದಲಾಯಿಸಿದ್ದೀರಾ ಎಂದು. ಅವರು ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಕೊನೆಗೆ ಪಂಪೇ ಸವೆದಿರಬೇಕು ಎಂದುಕೊಂಡೆ. ಆ ಪಂಪು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಅವರ ಮುಖಕ್ಕೆ ಹೇಗೆ ಹೇಳುವುದು ಎಂಬ ಸಂಕಟಕ್ಕೆ ಗುರುವಾರ ನನಗೆ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೇಳದೆ ಕೇಳದೆ ತೋಟಕ್ಕೆ ಹೋದೆ. ದಿಣ್ಣೆಯ ಅರ್ಧದಲ್ಲಿ ಗಾಡಿ ನಿಂತಿತ್ತು. ಭಾವ ಚಕ್ರಕ್ಕೆ ಕಲ್ಲು ಕೊಟ್ಟು ಪಕ್ಕದಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ಧಡಕ್ಕನೆ ಎದ್ದು, ಕುಂಟುತ್ತಾ ಹೋಗಿ ಸೀಟಿನ ಕೆಳಗಿನಿಂದ ಏನನ್ನೋ ಬಿಚ್ಚತೊಡಗಿದರು. ಆತುರದಲ್ಲಿ ಗಂಟು ಬಿಚ್ಚಿಕೊಳ್ಳಲಿಲ್ಲ. ನಾನು ಹತ್ತಿರ ಹೋಗಿ ನೋಡಿದರೆ, ದಪ್ಪ ಕ್ಯಾನ್ವಾಸಿನ ಒಂದು ಕವರು. ಒಳಗೆ ಹತ್ತಿಯ ಪದರ, ಅಂಚಿಗೆ ನೀಲಿ ಪಟ್ಟಿ, ನಾಲ್ಕು ಮೂಲೆಗೆ ನಾಲ್ಕು ದಾರ. ಹೊಲಿಗೆ ನೋಡಿದರೆ ಯಾರ ಕೈಯೆಂದು ಕೇಳಬೇಕಾಗಿರಲಿಲ್ಲ. ನನ್ನ ಅಕ್ಕ ಅದೇ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹೊಲಿಯುವವಳು.

ಸೀಟಿನ ಕೆಳಗೆ, ಪಂಪಿನ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಪುಟ್ಟ ಫ್ಯಾನಿದೆ. ಬಿಸಿಗಾಳಿಯನ್ನು ಎಡಗಡೆಯ ಜಾಲರಿಯಿಂದ ಹೊರಗೆ ತಳ್ಳುತ್ತದೆ. ಆ ಗಾಳಿ ನೇರ ಭಾವನ ಎಡಗಾಲಿಗೇ ಬಡಿಯುತ್ತಿತ್ತು, ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ಎರಡು ತಿಂಗಳ ಹಿಂದೆ ಅಕ್ಕ ಅಳತೆ ತೆಗೆದುಕೊಂಡು ಈ ಕವರು ಹೊಲಿದು ಜಾಲರಿಗೆ ಬಿಗಿದಿದ್ದಳು. ಕಾಲು ತಣ್ಣಗಾಯಿತು. ಪಂಪು ಕುದಿಯಿತು. ಆಯಿಲು ನೀರಿನಂತೆ ತೆಳುವಾಗಿ ಒತ್ತಡ ನಿಲ್ಲದಾಯಿತು. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟವನು ಚುರ್ರೆಂದು ಹಿಂದಕ್ಕೆಳೆದುಕೊಂಡೆ.

ಇದನ್ನು ಯಾಕೆ ಹೇಳಲಿಲ್ಲ, ಶೆಡ್ಡಿಗೆ ತರುವಾಗ ಯಾಕೆ ಬಿಚ್ಚಿಡುತ್ತಿದ್ದಿರಿ ಎಂದು ಭಾವನ ಮೇಲೆ ಹರಿಹಾಯ್ದೆ. ಅವರು ಸ್ವಲ್ಪ ಹೊತ್ತು ಆ ನೀಲಿ ಅಂಚನ್ನೇ ಸವರುತ್ತಿದ್ದರು.

"ಇದರಿಂದಲೇ ಹೀಗಾಗ್ತಿದೆ ಅಂತ ನಂಗೆ ಹೊಳೀಲಿಲ್ಲಪ್ಪ. ನೀನು ನೋಡಿದ್ರೆ ನಗ್ತೀಯ ಅಂತ ಬಿಚ್ಚಿಡ್ತಿದ್ದೆ. ಹೋದ ವರ್ಷ ನೆಂಟರ ಮುಂದೆ ನಿನ್ನಕ್ಕನ ಹೊಲಿಗೆ ಬಗ್ಗೆ ಅಂದ್ಯಲ್ಲ. ಅವಳು ಅಡುಗೆಮನೇಲಿ ಕೂತು ಅತ್ತಳು. ಇನ್ನೊಂದ್ಸಲ ಅವಳನ್ನ ನೋಡಿ ಯಾರೂ ನಗೋದು ಬೇಡ ಅಂತ."

ನನಗೆ ಚೆನ್ನಾಗಿ ನೆನಪಿತ್ತು. ರೇಡಿಯೋಗೆ ಕವರು, ಮಿಕ್ಸಿಗೆ ಕವರು, ಇನ್ನು ಭಾವನಿಗೊಂದು ಹೊಲಿದು ಜಿಪ್ ಎಳೆಯುವುದೊಂದು ಬಾಕಿ ಎಂದಿದ್ದೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಅಂಥ ಮಾತು ನನಗೆ ಬಿಟ್ಟು ಇನ್ನಾರಿಗೂ ಬಾರದು ಎಂದು ವಾರವಿಡೀ ಬೀಗಿದ್ದೆ. ಈಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಗಾಡಿ ತಣ್ಣಗಾಗಲು ಒಂದು ಗಂಟೆ ಬಿಟ್ಟು, ಕವರಿಲ್ಲದೆ ಹತ್ತಿಸಿ ನೋಡಿದೆವು. ಹತ್ತಿತು. ಭಾವ ನನ್ನ ಕೈ ಹಿಡಿದು ಒಂದೇ ಒಂದು ಮಾತು ಕೇಳಿಕೊಂಡರು. ಆಯಿಲು ಹಾಳಾಗಿತ್ತು ಎಂದು ಅಕ್ಕನಿಗೆ ಹೇಳಬೇಕಂತೆ, ಕವರಿನ ಸುದ್ದಿ ಎತ್ತಬಾರದಂತೆ. ಆಗಲಿ ಎಂದೆ.

ಶನಿವಾರ ಅಕ್ಕನೂ ಕತ್ತರಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ದಿಣ್ಣೆಯ ಬುಡಕ್ಕೆ ಬಂದು ನಿಂತಳು. ಎರಡು ಸಲ ಟ್ಯಾಂಕು ಸಲೀಸಾಗಿ ಮೇಲೆ ಹೋಯಿತು. ಮೂರನೇ ಸಲ, ಅದೇ ಅರ್ಧದಾರಿಯಲ್ಲಿ ಎಂಜಿನ್ ದನಿ ಕುಗ್ಗಿದಾಗ ನನ್ನ ಜೀವ ಬಾಯಿಗೆ ಬಂತು. ಭಾವ ಪೆಡಲನ್ನು ತುಸು ಸಡಿಲಿಸಿ, ಮತ್ತೆ ಮೆಲ್ಲಗೆ ಒತ್ತಿದರು. ಗಾಡಿ ನಿಲ್ಲಲಿಲ್ಲ. ಮೇಲ್ವಿಚಾರಕರು ಹೊಸ ಗಾಡಿಯ ಮಾತನ್ನು ಇಲ್ಲಿಗೇ ಬಿಡೋಣ ಎಂದು ಹೇಳಿ, ನನ್ನ ಬೆನ್ನು ತಟ್ಟಿ ಹೋದರು.

ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಗಾಡಿಯನ್ನೇ ದಿಟ್ಟಿಸಿ, ಕವರೆಲ್ಲಿ, ಅವರ ಕಾಲು ಸುಡುವುದಿಲ್ಲವೇ ಎಂದು ಕೇಳಿದಳು. ಆಯಿಲು ಎಂದು ಶುರುಮಾಡಿದೆ. ಆದರೆ ನಾಳೆಯೇ ಇನ್ನೊಂದು ಕವರು ಹೊಲಿದು ಕಟ್ಟುವವಳು ಅವಳು. ಸುಳ್ಳು ಮುಂದಕ್ಕೆ ಹೋಗಲಿಲ್ಲ. ಎಲ್ಲವನ್ನೂ ಹೇಳಿದೆ, ನನ್ನ ನಗೆಮಾತಿನ ಪಾಲನ್ನೂ ಬಿಡದೆ. ತಪ್ಪಾಯಿತು ಅಕ್ಕ ಎಂದೆ. ಬುದ್ಧಿ ಬಂದ ಮೇಲೆ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಬಿಸಿಗಾಳಿಯನ್ನು ಹಿಂದಕ್ಕೆ ತಿರುಗಿಸುವ ತಗಡೊಂದನ್ನು ಸೋಮವಾರ ಕೂರಿಸಿಕೊಡುತ್ತೇನೆ, ಅಳತೆ ನೀನೇ ತೆಗೆ ಎಂದೂ ಸೇರಿಸಿದೆ.

ಅವಳು ಕುತ್ತಿಗೆಯಲ್ಲಿದ್ದ ಕತ್ತರಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಅವತ್ತು ಅತ್ತಿದ್ದು ನಿಜ. ಮಾರನೇ ದಿನಕ್ಕೆ ನಂಗದು ಮರೆತೇ ಹೋಗಿತ್ತು ಕಣೋ," ಎಂದಳು. "ಇವರು ನೋಡು, ನನ್ನ ಅಳುನ ಒಂದು ವರ್ಷದಿಂದ ಕಾಯ್ಕೊಂಡು ಕೂತಿದಾರೆ. ಕೆಲಸ ಹೋದ್ರೂ ಹೋಗ್ಲಿ ಅಂತ."

ಭಾವ ಖಾಲಿ ಟ್ಯಾಂಕಿನೊಂದಿಗೆ ಇಳಿದು ಬರುತ್ತಿದ್ದರು. ಅಕ್ಕ ನನ್ನನ್ನು ಅಲ್ಲೇ ಬಿಟ್ಟು ದಿಣ್ಣೆ ಹತ್ತಿ ಎದುರಿಗೆ ಹೋದಳು. ಗಾಡಿ ನಿಂತಿತು. ಅವಳು ಬಾಗಿ ಅವರ ಎಡಗಾಲಿನ ಮೇಲೆ ಅಂಗೈಯಿಟ್ಟಳು. ಏನೂ ಸುಡುತ್ತಿಲ್ಲ ಎಂದು ಭಾವ ತಲೆಯಾಡಿಸುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಅವಳು ನಂಬಲಿಲ್ಲ, ಕೈಯನ್ನೂ ತೆಗೆಯಲಿಲ್ಲ.