ಉಸಿರು ತೆಗೆದುಕೊಳ್ಳುವ ಯಂತ್ರ

ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಸೆವರಿನ್ ಸರ್ ಕೊನೆಯ ವರ್ಷದ ಪ್ರಾಜೆಕ್ಟುಗಳ ಹೆಸರನ್ನು ಮಾತ್ರ ಓದುತ್ತಿದ್ದರು. ಒಳಗಿನದ್ದನ್ನು ಓದುವ ಅಭ್ಯಾಸ ಅವರಿಗೆ ಪಿಎಚ್.ಡಿ. ಸಿಕ್ಕಿದ ದಿನವೇ ಬಿಟ್ಟುಹೋಗಿತ್ತು. ಹೆಸರು ಎರಡು ಸಾಲಿಗಿಂತ ಕಡಿಮೆಯಾದರೆ ಅದು ಪ್ರಾಜೆಕ್ಟೇ ಅಲ್ಲ ಎಂಬುದು ಅವರ ಸಿದ್ಧಾಂತ. ಆ ಬುಧವಾರ ಶೈಮಾ ಮತ್ತು ಕ್ಯಾಲ್ವಿನ್ ತಮ್ಮ ನಾಲ್ವರ ತಂಡದ ಪರವಾಗಿ ಸರ್ ಮೇಜಿನ ಮೇಲಿಟ್ಟ ಹಾಳೆಯಲ್ಲಿ ಹೆಸರು ಒಂದೇ ಸಾಲಿಗೆ ಮುಗಿದಿತ್ತು: ಔಷಧಿ ಚೀಟಿಯ ಅಂಕಿಗಳನ್ನು ಕನ್ನಡದಲ್ಲಿ ಸರಿಯಾಗಿ ಓದಿಸುವುದು.

"ಓದಿಸುವುದು ಅಂದ್ರೆ ಎಂತ?" ಎಂದರು ಸರ್. "ಇದು ಎಂಜಿನಿಯರಿಂಗಾ, ಅಂಗನವಾಡಿಯಾ?"

ಕ್ಯಾಲ್ವಿನ್ ನಕ್ಕ. ನಗಬೇಕಾದ ಕಡೆ ನಗುವುದರಲ್ಲಿ ಅವನು ನಾಲ್ಕು ವರ್ಷಗಳಲ್ಲಿ ಪಳಗಿದ್ದ. ಶೈಮಾ ನಗಲಿಲ್ಲ.

"ಕಣ್ಣು ಕಾಣದವರಿಗೆ ಸ್ಕ್ರೀನಿನಲ್ಲಿ ಇದ್ದದ್ದನ್ನು ಓದಿ ಹೇಳುವ ಒಂದು ಫ್ರೀ ಸಾಫ್ಟ್‌ವೇರ್ ಉಂಟು ಸರ್. ಚೀಟಿಯಲ್ಲಿ 1-0-1 ಅಂತ ಇದ್ರೆ ಅದು ಒಂದು ಮೈನಸ್ ಸೊನ್ನೆ ಮೈನಸ್ ಒಂದು ಅಂತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ಹೇಳ್ಬೇಕಲ್ಲ. ಅದನ್ನು ನಾವು ಸರಿ ಮಾಡ್ತೇವೆ."

"ಅಷ್ಟೇಯಾ? ಇದ್ರಲ್ಲಿ ಎಐ ಎಲ್ಲುಂಟು?"

"ಇಲ್ಲ ಸರ್. ಇದಕ್ಕೆ ಬೇಕಾಗುದಿಲ್ಲ."

ಮದುವೆಮನೆಗೆ ಬಂದು ಊಟ ಬೇಡವೆಂದವರನ್ನು ನೋಡುವ ಹಾಗೆ ಸರ್ ಅವಳನ್ನು ನೋಡಿದರು. ಆಮೇಲೆ ಪೆನ್ನು ತೆಗೆದು, ಹಳೆಯ ಹೆಸರನ್ನು ಹೊಡೆದುಹಾಕಿ, ತಾವೇ ಬರೆದರು: ದೃಷ್ಟಿಹೀನರ ಸಬಲೀಕರಣಕ್ಕಾಗಿ ಕೃತಕ ಬುದ್ಧಿಮತ್ತೆ ಹಾಗೂ ಡೀಪ್ ಲರ್ನಿಂಗ್ ಆಧಾರಿತ ಮಾನವಸದೃಶ ಕನ್ನಡ ಧ್ವನಿ ಸಂವಹನ ವ್ಯವಸ್ಥೆ.

"ಹೆಸರು ಸರಿಯಾಯ್ತು. ಇನ್ನು ಪ್ರಾಜೆಕ್ಟ್ ಮಾಡುದೇನು ದೊಡ್ಡದಲ್ಲ," ಎಂದು ಸಹಿ ಹಾಕಿದರು.

ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದದ್ದು ಒಂದು ಓಪನ್ ಸೋರ್ಸ್ ಬಳಗ. ಬರೆದದ್ದನ್ನೆಲ್ಲ ಊರ ಎದುರು ಬಿಚ್ಚಿಟ್ಟು, ತಪ್ಪು ಕಂಡವರು ತಿದ್ದಿ ಎನ್ನುವ ಜನ ಇವರು. ಇಂಥವರಿಗೆ ಸಂಬಳವಿಲ್ಲ, ಶಾಲು ಹಾರವಿಲ್ಲ. ಹಾಗಾಗಿ ಮರ್ಯಾದೆಯ ಮಾತಿನ ಅಭ್ಯಾಸವೂ ಅಷ್ಟಿಲ್ಲ. ಮಂಗಳೂರಿನಲ್ಲಿ ಆ ಬಳಗದ ಪರವಾಗಿ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದವನು ಡೆನ್ಜಿಲ್. ವಾರವಿಡೀ ಒಂದು ಕಂಪೆನಿಯಲ್ಲಿ ದುಡಿದು ಶನಿವಾರ ಇವರಿಗೆ ಸಿಗುತ್ತಿದ್ದ. 'ಗುಡ್ ಮಾರ್ನಿಂಗ್' ಎಂದು ಕಳುಹಿಸಿದರೆ 'ಹದಿನಾಲ್ಕನೇ ಸಾಲು ತಪ್ಪು' ಎಂದು ಉತ್ತರ ಬರುತ್ತಿತ್ತು. ಶೈಮಾ ಬರೆದದ್ದನ್ನು ಅವನು ಆರು ಸಲ ಹಿಂದಕ್ಕೆ ಕಳುಹಿಸಿದ.

"ಬಿಟ್ಟಿ ಕೆಲಸಕ್ಕೆ ಇಷ್ಟು ಕೊಬ್ಬಾ?" ಎಂದ ಕ್ಯಾಲ್ವಿನ್. "ಕಾಲೇಜಿಗೆ ಇಷ್ಟೆಲ್ಲ ಬೇಡ ಮಾರಾಯ್ತಿ. ಸುಮ್ನೆ ತಲೆ ತಿಂತಾನೆ ಆ ಜನ."

"ಇದು ಕಾಲೇಜಿಗಲ್ಲ, ರತ್ನಕ್ಕನಿಗೆ ಅಂತ ಹೇಳಿದ್ದಾರೆ ಅವ್ರು," ಎಂದಳು ಶೈಮಾ.

ರತ್ನಕ್ಕ ಎಂದರೆ ಬೋಳಾರದ ರತ್ನಾವತಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ನಿವೃತ್ತರಾದ ಮೇಲೆ ಎರಡೂ ಕಣ್ಣು ಕಳೆದುಕೊಂಡಿದ್ದರು. ಬಳಗ ಮಾಡಿದ ಪ್ರತಿ ತಿದ್ದುಪಡಿಯನ್ನು ಮೊದಲು ಕೇಳಿ ನೋಡುವವರು ಅವರೇ. ಸಕ್ಕರೆಗೆ, ರಕ್ತದೊತ್ತಡಕ್ಕೆ, ಹೃದಯಕ್ಕೆ ಅಂತ ಏಳು ಬಗೆಯ ಮಾತ್ರೆ. ಕ್ಲಿನಿಕ್ಕಿನವರು ಮೊಬೈಲಿಗೆ ಕಳುಹಿಸುವ ಚೀಟಿಯನ್ನು ಪಕ್ಕದ ಮನೆಯಾಕೆ ಓದಿ ಹೇಳಬೇಕು. ಆಕೆಯ ಸ್ವರ ದೊಡ್ಡದು. "ನನ್ನ ಸಕ್ಕರೆ ಎಷ್ಟು ಅಂತ ನನಗಿಂತ ಮೊದ್ಲು ಇಡೀ ಬೋಳಾರಕ್ಕೆ ಗೊತ್ತಾಗ್ತದೆ," ಎನ್ನುತ್ತಿದ್ದರು ರತ್ನಾವತಿ. "ಹೋದ ತಿಂಗಳು ಅವಳು ಮದುವೆಗೆ ಹೋಗಿದ್ಲು. ನಾನು ಅಂದಾಜಿಗೆ ತಿಂದೆ. ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದೆ."

ಆ ಮಾತು ಕೇಳಿದ ಮೇಲೆ ಶೈಮಾ ಏಳನೇ ಸಲ ಬರೆದಳು. ಡೆನ್ಜಿಲ್ 'ಸರಿ' ಎಂದು ಉತ್ತರಿಸಿದ. ಅಷ್ಟು ಚಿಕ್ಕ ಶಬ್ದಕ್ಕೆ ಅವಳು ಯಾವತ್ತೂ ಅಷ್ಟು ಕುಣಿದಿರಲಿಲ್ಲ.

ಪ್ರಾಜೆಕ್ಟಿನ ಡೆಮೊಗೆ ಒಂದು ವಾರವಿರುವಾಗ ಸೆವರಿನ್ ಸರ್ ಆ ಯಂತ್ರದ ಸ್ವರ ಕೇಳಿದರು. ಅದು ಮೂಗು ಕಟ್ಟಿದ ಗುಮಾಸ್ತನೊಬ್ಬ ಕಡತ ಓದಿದ ಹಾಗಿತ್ತು.

"ಇದು ಮಾನವಸದೃಶವಾ? ಹೊರಗಿನಿಂದ ಎಕ್ಸಾಮಿನರ್ ಬರ್ತಾರೆ. ನನ್ನ ಮರ್ಯಾದೆ ಉಂಟಲ್ಲ." ಸ್ವಲ್ಪ ಯೋಚಿಸಿ ಒಂದು ಹಾಳೆ ಕೊಟ್ಟರು. "ಡೆಮೊ ದಿನ ಈ ಪ್ಯಾರಾವನ್ನೇ ಓದ್ಲಿಕ್ಕೆ ಹೇಳ್ತೇನೆ. ಸ್ವರ ಚಂದ ಬರ್ಲಿ. ಹೇಗೆ ಅಂತ ನನಗೆ ಹೇಳುದು ಬೇಡ."

ಹೇಗೆಂದು ಕೇಳದಿರುವುದು ನಮ್ಮ ವಿದ್ಯಾಸಂಸ್ಥೆಗಳಲ್ಲಿ ಒಂದು ಆಡಳಿತ ಕೌಶಲ. ಕ್ಯಾಲ್ವಿನ್‌ಗೆ ಅರ್ಥವಾಯಿತು. ಅವನ ತಾಯಿ ಮಟಿಲ್ಡಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಡುಗೆಮನೆಯಲ್ಲಿ ಅವರನ್ನು ಕೂರಿಸಿ, ಪ್ಯಾರಾ ಓದಿಸಿ, ರೆಕಾರ್ಡ್ ಮಾಡಿಕೊಂಡು ಬಂದ. ಗುಂಡಿ ಒತ್ತಿದರೆ ತಾಯಿ ಮಾತಾಡುವ ಹಾಗೆ ಒಂದು ಪ್ರೋಗ್ರಾಂ ಬರೆದ. ನಾಲ್ಕು ತಿಂಗಳಲ್ಲಿ ಅವನು ಬರೆದ ಪ್ರೋಗ್ರಾಂ ಅದೊಂದೇ. ತಂಡದ ಇನ್ನಿಬ್ಬರು ಸ್ಲೈಡಿಗೆ ಬಣ್ಣ ಹಚ್ಚಿದರು. ಶೈಮಾ ಸುಮ್ಮನಿದ್ದಳು. ಆ ಮೌನದ ಬೆಲೆ ಅವಳಿಗೆ ಗೊತ್ತಿತ್ತು. ಮಾರ್ಕ್ಸ್‌ಕಾರ್ಡಿನಲ್ಲಿ ಅದನ್ನು ಡಿಸ್ಟಿಂಕ್ಷನ್ ಎಂದು ಬರೆಯುತ್ತಾರೆ.

ಡೆಮೊಗೆ ಡೆನ್ಜಿಲ್‌ನನ್ನು ಕರೆಯಲಿಲ್ಲ. ಅವನು ಪ್ರಶ್ನೆ ಕೇಳುತ್ತಾನೆ ಎಂದು ಸರ್‌ಗೆ ಯಾರೋ ಹೇಳಿದ್ದರು. ರತ್ನಾವತಿಯವರನ್ನು ಕಾರು ಕಳುಹಿಸಿ ಕರೆಸಿದರು. ಫಲಾನುಭವಿಗಳು ಫೋಟೋದಲ್ಲಿ ಚೆನ್ನಾಗಿ ಬರುತ್ತಾರೆ, ಪ್ರಶ್ನೆ ಕೇಳುವುದಿಲ್ಲ.

ಕ್ಯಾಲ್ವಿನ್ ಗುಂಡಿ ಒತ್ತಿದ. ಸ್ಪೀಕರಿನಿಂದ ತುಂಬು ಸ್ವರ ಹೊರಟಿತು. ಅಲ್ಪಪ್ರಾಣ, ಮಹಾಪ್ರಾಣ, ಎಲ್ಲವೂ ಕೈಕಟ್ಟಿ ನಿಂತ ಮಕ್ಕಳ ಹಾಗೆ ಶಿಸ್ತಿನಲ್ಲಿ ಬಂದವು. ಎಕ್ಸಾಮಿನರ್ ಕಣ್ಣು ಮುಚ್ಚಿ ತಲೆದೂಗಿದರು. ಎರಡನೇ ವಾಕ್ಯದ ನಡುವೆ ಎಲ್ಲೋ ಒಂದು ಕುಕ್ಕರ್ ಸೀಟಿ ಹೊಡೆಯಿತು.

"ಅದೆಂತದು?" ಎಂದರು ಎಕ್ಸಾಮಿನರ್.

"ಹಿನ್ನೆಲೆ ಶಬ್ದ ಸರ್," ಎಂದರು ಸೆವರಿನ್ ಸರ್. "ರಿಯಲಿಸ್ಟಿಕ್ ಆಗಿರ್ಲಿ ಅಂತ ಸೇರಿಸಿದ್ದು."

ರತ್ನಾವತಿ ಕಿವಿಯನ್ನು ಸ್ಪೀಕರಿನ ಕಡೆಗೆ ತಿರುಗಿಸಿ ಕೂತಿದ್ದರು. "ಇದು ಉಸಿರು ತೆಗೊಳ್ತದಲ್ಲ?" ಎಂದರು.

"ಹೌದಮ್ಮ. ಅದೇ ಇದರ ವಿಶೇಷ. ಉಸಿರು ಕೂಡ ಎಐ ಮಾಡಿದ್ದು," ಎಂದರು ಸೆವರಿನ್ ಸರ್.

"ಹೌದಾ." ರತ್ನಾವತಿ ಶೈಮಾ ಇದ್ದ ಕಡೆಗೆ ಮುಖ ಮಾಡಿದರು. ಅವಳ ಬಳೆಯ ಸದ್ದು ಅವರಿಗೆ ಗೊತ್ತಿತ್ತು. "ಮಗಾ, ನೀನು ಹೇಳು. ನಾಳೆಯಿಂದ ಈ ಸ್ವರವನ್ನು ನಂಬಿ ನಾನು ಮಾತ್ರೆ ತಿನ್ಬಹುದಾ?"

ಸೆವರಿನ್ ಸರ್ ಶೈಮಾಳನ್ನು ನೋಡಿದರು. ಕ್ಯಾಲ್ವಿನ್ ನೋಡಿದ. ತಲೆಯ ಮೇಲೆ ಬಜಪೆ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಹಾದುಹೋಯಿತು.

"ಬೇಡ ರತ್ನಕ್ಕ," ಎಂದಳು ಶೈಮಾ. "ಇದು ಕ್ಯಾಲ್ವಿನ್‌ನ ಮಮ್ಮಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶೈಮಾ ತನ್ನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟಳು. "ನಾವು ಮಾಡಿದ್ದು ಇದು. ಅಂಕಿ ಮಾತ್ರ. ನಿಮ್ಮ ಹತ್ತಿರ ಹೊಸ ಚೀಟಿ ಉಂಟಾ?"

"ನಿನ್ನೆ ಕಳಿಸಿದ್ದಾರೆ, ನೋಡು," ಎಂದು ರತ್ನಾವತಿ ಮೊಬೈಲ್ ಕೊಟ್ಟರು.

ಶೈಮಾ ಚೀಟಿಯನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಮೂಗು ಕಟ್ಟಿದ ಗುಮಾಸ್ತ ಓದತೊಡಗಿದ. ಮೊದಲ ಮಾತ್ರೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎರಡನೆಯದು, ಮೂರನೆಯದು, ಎಲ್ಲ ಸರಿ. ನಾಲ್ಕನೆಯದಕ್ಕೆ ಬಂದಾಗ ಚೀಟಿಯಲ್ಲಿ 1/2-0-1/2 ಎಂದಿತ್ತು. ಯಂತ್ರ ಅದನ್ನು ತಾರೀಕು ಎಂದು ತಿಳಿದು, "ಬೆಳಿಗ್ಗೆ ಫೆಬ್ರವರಿ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಫೆಬ್ರವರಿ ಒಂದು," ಎಂದಿತು.

ಈ ಸಲ ಎಲ್ಲರೂ ಬಾಯಿಬಿಟ್ಟು ನಕ್ಕರು. "ವರ್ಷಕ್ಕೆ ಒಂದೇ ದಿನದ ಮಾತ್ರೆಯಾ?" ಎಂದರು ಎಕ್ಸಾಮಿನರ್. ಮೋಸಕ್ಕೆ ತಲೆದೂಗಿದ ಕುತ್ತಿಗೆಗಳು ಒಂದು ಪ್ರಾಮಾಣಿಕ ತಪ್ಪಿಗೆ ಎಷ್ಟು ಚುರುಕಾಗಿ ಎದ್ದು ಕೂತವೆಂದರೆ, ಆ ಕೋಣೆಯಲ್ಲಿ ಅಷ್ಟು ಜೀವ ಬೆಳಿಗ್ಗೆಯಿಂದ ಕಂಡಿರಲಿಲ್ಲ.

"ಅರ್ಧ ಅದು ಮಗಾ," ಎಂದರು ರತ್ನಾವತಿ, ನಗುವ ಸದ್ದು ತಮಗೆ ಸಂಬಂಧಪಟ್ಟದ್ದಲ್ಲ ಎಂಬಂತೆ. "ತಪ್ಪು ಸಿಕ್ಕಿತಲ್ಲ, ಬರ್ಕೊ."

ಸೆವರಿನ್ ಸರ್ ಎಕ್ಸಾಮಿನರನ್ನು ಎಬ್ಬಿಸಿ ಚಹಾ, ಗೋಳಿಬಜೆ ಇಟ್ಟಿದ್ದ ಕೋಣೆಗೆ ಕರೆದುಕೊಂಡು ಹೋದರು. "ಮೊದ್ಲಿನದ್ದು ತಂಡದ್ದು ಸರ್, ಅದಕ್ಕೆ ಮೂವರಿಗೂ ಒಳ್ಳೆ ಮಾರ್ಕ್ಸ್ ಹಾಕುವ," ಎಂಬ ಮಾತು ಬಾಗಿಲಿನವರೆಗೂ ಕೇಳಿಸಿತು. "ಎರಡನೆಯದ್ದು ಆ ಹುಡುಗಿಯ ಸ್ವಂತದ್ದು. ಅದಕ್ಕೆ ಎಷ್ಟು ಬರ್ತದೋ ಅಷ್ಟು."

ಮಿಕ್ಕವರೂ ಅತ್ತ ನಡೆದರು; ಕೋಣೆಯಲ್ಲಿ ಮೂವರು ಉಳಿದರು. ಕ್ಯಾಲ್ವಿನ್ ಸ್ಪೀಕರಿನ ವಯರು ಸುತ್ತುತ್ತಿದ್ದ. ಅವನ ಮಾರ್ಕ್ಸಿಗೆ ಏನೂ ಆಗಿರಲಿಲ್ಲ; ಆದರೂ ಮುಖ ಸುಟ್ಟ ಹಾಗಿತ್ತು.

"ನನ್ನ ಮಮ್ಮಿಯನ್ನು ಎಲ್ಲರ ಎದುರು ಎಳೆದು ಹಾಕಿದಿ ಅಲ್ವಾ?"

"ಕರ್ಕೊಂಡು ಬಂದದ್ದು ನೀನು," ಎಂದಳು ಶೈಮಾ, ತಲೆಯೆತ್ತದೆ ಟೈಪ್ ಮಾಡುತ್ತ.

"ನಿನ್ನ ಮಮ್ಮಿ ಚಂದ ಓದ್ತಾರೆ ಮಾರಾಯ," ಎಂದರು ರತ್ನಾವತಿ. "ಆದ್ರೆ ವಾಕ್ಯದ ಕೊನೆಗೆ ಉಸಿರು ಎಳೀತದೆ. ಡಾಕ್ಟ್ರಿಗೆ ತೋರಿಸಿದ್ದೀರಾ?"

ಕ್ಯಾಲ್ವಿನ್‌ನ ಕೈ ವಯರಿನ ಮೇಲೆ ನಿಂತಿತು. ಆ ರೆಕಾರ್ಡನ್ನು ಅವನು ಐವತ್ತು ಸಲವಾದರೂ ಕೇಳಿದ್ದ.

"ತೋರಿಸಿದ್ದೇವೆ. ಹಾರ್ಟಿಂದು. ಮಾತ್ರೆ ಕೊಟ್ಟಿದ್ದಾರೆ."

"ಅವರೇ ಓದಿ ತೆಗೊಳ್ತಾರಾ?"

"ಕಣ್ಣಿಗೆ ಪೊರೆ ಬಂದಿದೆ. ಆ ಪ್ಯಾರಾ ಕೂಡ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೊಟ್ಟದ್ದು. ಮಾತ್ರೆ ನಾನು ನೋಡಿ ಕೊಡ್ತೇನೆ. ಮನೆಯಲ್ಲಿ ಇದ್ರೆ." ಸುತ್ತಿದ ವಯರನ್ನು ಮೇಜಿನ ಮೇಲಿಟ್ಟ. "ಇಲ್ಲದಿದ್ರೆ ಅಂದಾಜಿಗೆ ತಿಂತಾರೋ ಏನೋ."

ಅವನು ಮೊಬೈಲ್ ತೆಗೆದು, ತಾಯಿಯ ಚೀಟಿಯ ಫೋಟೋ ಹುಡುಕಿ, ಶೈಮಾಳ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಟೈಪ್ ಮಾಡಿದ: 1/4-0-1/4. ಯಂತ್ರ ಗಂಭೀರವಾಗಿ ಓದಿತು, "ಬೆಳಿಗ್ಗೆ ಏಪ್ರಿಲ್ ಒಂದು."

ಅವನಿಗೆ ನಗು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. "ಸ್ವಲ್ಪ ಆಚೆ ಸರಿ. ಇದನ್ನು ಎಲ್ಲಿ ತಿದ್ದುದು ತೋರಿಸು. ನಾನು ಮಾಡ್ತೇನೆ."

ಫೋಟೋಗೆ ಬರಬೇಕಂತೆ ಎಂದು ಅಟೆಂಡರ್ ಎರಡು ಸಲ ಬಂದು ಕರೆದ. ಮೂರನೇ ಸಲ ಬರಲಿಲ್ಲ. ಕ್ಯಾಲ್ವಿನ್ ಬರೆದದ್ದು ಮೊದಲು ಇಡೀ ಯಂತ್ರವನ್ನೇ ಮೂಕ ಮಾಡಿತು. ಎರಡನೇ ಸಲ ಅರ್ಧವನ್ನು ಕಾಲು ಎಂದಿತು. ಒಂದು ಗಂಟೆಯ ಮೇಲೆ ಗುಮಾಸ್ತ ಕೊನೆಗೂ "ಬೆಳಿಗ್ಗೆ ಕಾಲು, ಮಧ್ಯಾಹ್ನ ಇಲ್ಲ, ರಾತ್ರಿ ಕಾಲು" ಎಂದಾಗ ರತ್ನಾವತಿ ಮೂರು ಸಲ ಓದಿಸಿ ಕೇಳಿ ತಲೆಯಾಡಿಸಿದರು. ಬರೆದವರ ಹೆಸರು ಕೇಳುವ ಜಾಗದಲ್ಲಿ ಕ್ಯಾಲ್ವಿನ್ ತನ್ನ ಹೆಸರು ಹಾಕಿ, ಡೆನ್ಜಿಲ್‌ಗೆ ಕಳುಹಿಸಿದ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಶಹಬ್ಬಾಸ್ ಇರಲಿಲ್ಲ. 'ಮುಕ್ಕಾಲು ಎಲ್ಲಿ?' ಎಂದಷ್ಟೇ ಇತ್ತು.

"ಮುಕ್ಕಾಲು ಮಾತ್ರೆ ಯಾರು ತಿಂತಾರೆ ಮಾರಾಯ್ತಿ?" ಎಂದ ಕ್ಯಾಲ್ವಿನ್.

"ಎಲ್ಲೋ ಒಬ್ರು ತಿಂತಿರ್ತಾರೆ," ಎಂದರು ರತ್ನಾವತಿ.

ಅವನು ಅಂಗಿಯ ತೋಳು ಮಡಚಿಕೊಂಡು, ಹದಿನಾಲ್ಕನೇ ಸಾಲಿನ ಕೆಳಗೆ ಮುಕ್ಕಾಲಿಗೆಂದು ಹದಿನೈದನೆಯದನ್ನು ಬರೆಯತೊಡಗಿದ.