ಭಾವನ ಫೋನಿನೊಳಗಿನ ಹೆಂಗಸು

ಇದು ನಡೆದ ಕಥೆ, ಕಟ್ಟಿದ ಕಥೆಯಲ್ಲ. ಬೇಕಾದರೆ ನಮ್ಮ ಭಾವನ ಫೋನು ಮುಟ್ಟಿ ಆಣೆ ಮಾಡುತ್ತೇನೆ. ಅದಕ್ಕಿಂತ ದೊಡ್ಡ ಆಣೆ ಅವರ ಮನೆಯಲ್ಲಿಲ್ಲ.

ಭಾವ ಗೋದಾಮಿನ ಮ್ಯಾನೇಜರ್. ಯಾವ ಲಾರಿ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿಸಬೇಕು ಅನ್ನುವುದೇ ಅವರ ಬದುಕು. ರಜೆ ಹಾಕಿದಾಗ ಲಾರಿಯ ಜಾಗಕ್ಕೆ ಹೆಂಡತಿ ಬರುತ್ತಾಳೆ, ಅಷ್ಟೇ ವ್ಯತ್ಯಾಸ. ದಾರಿ ಹೇಳುವ ಆಪು, ಮೋಡ ನೋಡುವ ಆಪು, ಹೋಟೆಲುಗಳಿಗೆ ನಕ್ಷತ್ರ ಕೊಡುವ ಆಪು, ಇಡೀ ಪ್ರವಾಸವನ್ನು ಹೋಳು ಹೋಳಾಗಿ ಕತ್ತರಿಸಿ ಪ್ರತಿ ಹೋಳಿಗೂ ಗಂಟೆ ಬಾರಿಸುವ ಆಪು, ಎಲ್ಲ ಇವೆ. ಶೌಚಾಲಯ ಹುಡುಕಿಕೊಡುವುದಕ್ಕೂ ಒಂದಿದೆ. "ಇದಕ್ಕೆ ಎರಡೇ ನಕ್ಷತ್ರ ಕಣೋ, ಇನ್ನೊಂದು ಬರ್ಲಿ ತಡ್ಕೋ" ಎಂದು ನನ್ನನ್ನು ಒಮ್ಮೆ ಕಣ್ಣಲ್ಲಿ ನಕ್ಷತ್ರ ಕಾಣುವವರೆಗೂ ತಡೆದು ಕೂರಿಸಿದ್ದರು. ಭಾವ ಎಂದರೆ ಮನಸ್ಸಿನೊಳಗಿನ ಅನಿಸಿಕೆ ಎಂಬ ಅರ್ಥವೂ ನಿಘಂಟಿನಲ್ಲಿದೆ. ನಿಘಂಟು ಬರೆದವರಿಗೆ ನಮ್ಮ ಭಾವನ ಪರಿಚಯವಿರಲಿಲ್ಲ.

ಆ ಸಲ ಮೂವರೂ ಪ್ರವಾಸ ಹೊರಟಾಗ ಅಕ್ಕ ಕೇಳಿದ್ದು ಒಂದೇ. ಲ್ಯಾಬಿನಲ್ಲಿ ಅವಳ ಪಕ್ಕದ ಮೇಜಿನಲ್ಲಿ ವರ್ಷಾನುಗಟ್ಟಲೆ ಕೂತಿದ್ದ ಗೆಳತಿಯನ್ನು ನೋಡಬೇಕು. ಆ ಗೆಳತಿಗೆ ನಾವಿಟ್ಟ ಹೆಸರು ಸೂಜಿ. ರಕ್ತ ತೆಗೆಯುವ ಕೈಗೂ ಸರಿ, ಎದುರಿಗಿದ್ದವರನ್ನು ಚುಚ್ಚುವ ನಾಲಗೆಗೂ ಸರಿ. ಹೊಟ್ಟೆಯ ಆಪರೇಷನ್ ಒಂದು ಮುಗಿದಿತ್ತು, ಇನ್ನೊಂದಕ್ಕೆ ನಾವು ಹೊರಟ ಮರುದಿನವೇ ಅವಳು ಆಸ್ಪತ್ರೆ ಸೇರಬೇಕಿತ್ತು. "ಒಳಗೆ ಹೋದವಳು ಹೇಗೆ ಹೊರಗೆ ಬರ್ತೀನೋ ಗೊತ್ತಿಲ್ಲ ಕಣೇ. ಮುಖ ತೋರಿಸಿ ಹೋಗು" ಎಂದಿದ್ದಳು. ಅವಳ ಮನೆ ನಾವು ಹೋಗುವ ದಾರಿಯ ಪಕ್ಕದಲ್ಲೇ. ಹೋಗೋಣ ಎಂದು ಭಾವ ಒಪ್ಪಿಯೂ ಇದ್ದರು.

ಹೆದ್ದಾರಿಗೆ ಬಂದಮೇಲೆ ಒಪ್ಪಿಗೆ ಕರಗಿತು.

"ಸುತ್ತು ಬೀಳುತ್ತೆ ಕಣೇ. ಆಪ್ ನೋಡು, ಕೆಂಪು ತೋರಿಸ್ತಿದೆ. ಸೂರ್ಯ ಮುಳುಗೋದು ತಪ್ಪಿ ಹೋಗುತ್ತೆ."

"ಸೂರ್ಯ ನಾಳೆನೂ ಮುಳುಗ್ತಾನೆ ರೀ."

"ನಾಳೆ ಲಿಸ್ಟಲ್ಲಿ ಬೇರೆ ಇದೆ. ಬರೋವಾಗ ನೋಡೋಣ."

"ಬರೋವಾಗ ಅವಳು ಆಸ್ಪತ್ರೇಲಿ ಇರ್ತಾಳೆ!"

"ವಿಡಿಯೋ ಕಾಲ್ ಮಾಡು."

ಅಕ್ಕ ಮುಖವನ್ನು ಕಿಟಕಿಗೆ ತಿರುಗಿಸಿದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಅವಳು ಅಳುವವಳಲ್ಲ, ಕುದಿಯುವವಳು. ಹಿಂದಿನ ಸೀಟಿನಲ್ಲಿ ನನಗೂ ಕುದಿ ಹತ್ತಿತು. ವಿಡಿಯೋ ಕಾಲ್ ಅಂತೆ! ಸೂರ್ಯನಿಗೆ ಮಾಡಿಕೊಳ್ಳಬಾರದೇ ವಿಡಿಯೋ ಕಾಲು?

ಫೋನಿನ ಸ್ಟ್ಯಾಂಡು ಮುರಿದಿದ್ದರಿಂದ ಫೋನು ಹಿಡಿಯುವ ಕೆಲಸ ನನ್ನದಾಗಿತ್ತು. ಭಾವ ರಸ್ತೆ ನೋಡುವುದು, ಫೋನಿನೊಳಗಿನ ಹೆಂಗಸು ಹೇಳಿದಂತೆ ತಿರುಗಿಸುವುದು. ವಿಳಾಸ ಬದಲಿಸಿ ಸುಮ್ಮನಿರಬಹುದಿತ್ತು. ಆದರೆ ಆ ತಾಯಿ ಪ್ರತಿ ಬೀದಿಯ ಹೆಸರನ್ನೂ ಕೂಗಿ ಹೇಳುವವಳು, ಗುಟ್ಟು ನಿಲ್ಲುವುದಿಲ್ಲ. ಅದಕ್ಕೇ ಸೂಜಿಯ ವಿಳಾಸ ಹಾಕಿ, ಫೋನಿನವಳ ಬಾಯಿ ಮುಚ್ಚಿಸಿ, ನನ್ನ ಬಾಯಿ ತೆರೆದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ ಗಂಟಲು ಇದು. ಉಪ್ಪಿಲ್ಲದ, ಖಾರವಿಲ್ಲದ, ಪದಪದಕ್ಕೂ ಬಿಸ್ಕತ್ತು ಮುರಿದಂತಹ ಆ ದನಿ ನನಗೆಷ್ಟರದು?

"ಮುನ್ನೂರು. ಮೀಟರ್. ನಂತರ. ಎಡಕ್ಕೆ. ತಿರುಗಿ."

"ಎಡಕ್ಕಾ?" ಎಂದರು ಭಾವ. ಎಂದವರು ತಿರುಗಿಸಿಯೂ ಬಿಟ್ಟರು.

ನನಗೆ ನಗು ಬರಬೇಕಿತ್ತು, ಬಂದದ್ದು ಸಿಟ್ಟು. ಕಟ್ಟಿಕೊಂಡವಳು ಬಾಯಿಬಿಟ್ಟು ಕೇಳಿದರೆ ಸುತ್ತು ಬೀಳುತ್ತದೆ. ಕಂಡು ಕೇಳರಿಯದ ಹೆಂಗಸು ಹೇಳಿದರೆ ಸ್ಟಿಯರಿಂಗು ತಾನೇ ತಿರುಗುತ್ತದೆ. ಬಲಕ್ಕೆ ಎಂದೆ, ಬಲಕ್ಕೆ ಹೋದರು. ಮತ್ತೆ ಎಡಕ್ಕೆ ಎಂದೆ. "ಇದ್ಯಾವ ಸಂದಿ ತೋರಿಸ್ತಿದೀಯಮ್ಮ? ಆಯ್ತಮ್ಮ, ತಿರುಗಿಸ್ತೀನಮ್ಮ" ಎಂದು ಗೊಣಗುತ್ತ ಎರಡು ಕಾರು ಹಿಡಿಸದಂಥ ಓಣಿಗೆ ಕಾರು ನುಗ್ಗಿಸಿದರು.

ಆಗಲೇ ಒಂದು ಗೇಟಿನಿಂದ ಹಾಲಿನ ಕ್ಯಾನು ಹೊತ್ತ ಸೈಕಲ್ಲು ಅಡ್ಡ ಬಂತು.

"ಬ್ರೇಕ್. ಹಾಕಿ. ಭಾವ!"

ಬ್ರೇಕು ಬಿತ್ತು. ಸೈಕಲ್ಲಿನವನು ಬೈದುಕೊಂಡು ಹೋದ. ಗಾಬರಿಯಲ್ಲಿ ನನ್ನ ದನಿಗೆ ಮರಳುವುದನ್ನೇ ಮರೆತು, ಆ ಹೆಂಗಸಿನ ದನಿಯಲ್ಲೇ ಕೂಗಿದ್ದೆ. ಭಾವ ನಿಧಾನಕ್ಕೆ ಹಿಂದೆ ತಿರುಗಿದರು.

"ಭಾವಾನಾ? ಯಾವಾಗಿಂದ ಅವಳಿಗೆ ನಾನು ಭಾವ ಆದೆ?"

ನಾನು ಫೋನನ್ನು ಮುಖಕ್ಕೆ ಅಡ್ಡ ಹಿಡಿದೆ.

"ತಲೆಹರಟೆ! ಜೀವ ತೆಗೀತಿದ್ದೆಯಲ್ಲೋ! ನನ್ನ ಪ್ಲಾನೆಲ್ಲ..."

"ಸಾಕು ನಿಲ್ಸಿ!" ಅಕ್ಕ ಸೀಟುಬೆಲ್ಟು ಕಿತ್ತೆಸೆದಳು. ಓಣಿಯ ಒಂದೆರಡು ಕಿಟಕಿಗಳು ತೆರೆದವು. "ಅವಳು ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ನಾನೊಬ್ಬಳು ಬಾಯಿ ಬಿಟ್ರೆ ಮಾತ್ರ ಆಪ್ ನೋಡ್ಬೇಕು. ನನಗೆಷ್ಟು ನಕ್ಷತ್ರ ರೀ? ಎರಡಾ, ಒಂದಾ?"

"ಅಲ್ಲ ಕಣೇ..."

"ನೀನೂ ಅಷ್ಟೇ ಕಣೋ!" ಬಾಣ ನನ್ನ ಕಡೆ ತಿರುಗಿತು. "ಮುಂದಿನ ಸೀಟಲ್ಲಿ ಅಕ್ಕ ಬೇಯ್ತಿದ್ರೆ ನಿನಗೆ ನಾಟಕ. 'ಭಾವ, ಕಾರು ತಿರುಗಿಸಿ' ಅಂತ ನಿನ್ನ ದನೀಲೇ ಹೇಳೋಕೆ ಏನಾಗಿತ್ತು? ಅಷ್ಟು ದನಿ ಇದೆಯಲ್ಲ, ಒಂದರಲ್ಲಾದ್ರೂ ಧೈರ್ಯ ಇಲ್ವಾ?"

ಕಾರಿನ ಬಾಗಿಲನ್ನು ಓಣಿಯೇ ಅದುರುವಂತೆ ಬಡಿದು, ಓಣಿಯ ತುದಿಯಲ್ಲಿದ್ದ ಸೂಜಿಯ ಮನೆಯತ್ತ ನಡೆದೇ ಹೋದಳು.

ನಾವಿಬ್ಬರೂ ಕಾರಿನಲ್ಲಿ ಉಳಿದೆವು. ಭಾವ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಅದು ಸೂರ್ಯಾಸ್ತಕ್ಕೆ ಹೊರಡುವ ಗಂಟೆ ಬಾರಿಸಿತು. ಬಾರಿಸಿ ಬಾರಿಸಿ ತಾನೇ ಸುಮ್ಮನಾಯಿತು. ಕೊನೆಗೆ "ಬಾ, ಕರ್ಕೊಂಡು ಬರೋಣ" ಎಂದು ಹಲ್ಲು ಕಚ್ಚಿಕೊಂಡೇ ಇಳಿದರು.

ಬಾಗಿಲು ಅರೆ ತೆರೆದಿತ್ತು. ಒಳಗೆ ಸೂಜಿ ದಿಂಬಿಗೊರಗಿ ಕೂತಿದ್ದಳು. ನಮಗೆ ಬೆನ್ನು ಹಾಕಿ ನಿಂತ ಅಕ್ಕ, ಇನ್ನೂ ಬುಸುಗುಡುತ್ತಲೇ, ನಡೆದದ್ದನ್ನು ಹೇಳುತ್ತಿದ್ದಳು. ಹೇಳುತ್ತಿದ್ದಳೆಂದರೆ ತಪ್ಪಾದೀತು. ಹೊಟ್ಟೆ ಮುಂದಕ್ಕೆ ತಂದು, ಗಾಳಿಯಲ್ಲೇ ಸ್ಟಿಯರಿಂಗು ಹಿಡಿದು, ಕತ್ತು ಒಂದಿಷ್ಟು ಓರೆ ಮಾಡಿ, ಸಾಕ್ಷಾತ್ ಭಾವನೇ ಆಗಿದ್ದಳು.

"ಇದ್ಯಾವ ಸಂದಿ ತೋರಿಸ್ತಿದೀಯಮ್ಮ? ಆಯ್ತಮ್ಮ! ತಿರುಗಿಸ್ತೀನಮ್ಮ! ಕೋಪ ಮಾಡ್ಕೋಬೇಡಮ್ಮ!"

"ಅಯ್ಯೋ ಸಾಕು ಮಾರಾಯ್ತಿ, ಹೊಲಿಗೆ ಬಿಚ್ಚುತ್ತೆ!" ಸೂಜಿ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

ನಾನು ಭಾವನ ಮುಖ ನೋಡಿದೆ. ಅದು ಕೆಂಪಗಾಯಿತು, ಕೆನ್ನೆ ಉಬ್ಬಿತು. ಇನ್ನೇನು ಗುಡುಗುತ್ತಾರೆ ಅನ್ನುವಷ್ಟರಲ್ಲಿ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು.

"ಕೋಪ ಮಾಡ್ಕೋಬೇಡಮ್ಮ ಅಂದಿರ್ಲಿಲ್ಲ ಕಣೇ ನಾನು!"

"ಅನ್ನೋದೊಂದು ಬಾಕಿ ಇತ್ತು" ಎಂದಳು ಅಕ್ಕ, ತಿರುಗದೆ.

ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು, ಹೊಸ್ತಿಲ ಮೇಲೇ ಕೂತು, ತೊಡೆ ಬಡಿದುಕೊಂಡು ನಕ್ಕರು. ಓಣಿಯ ಕಿಟಕಿಗಳು ಮತ್ತೆ ತೆರೆದವು.

"ನನ್ನ ಸಿಟ್ಟೇನೂ ಇಳಿದಿಲ್ಲ" ಎಂದಳು ಅಕ್ಕ. "ಇವತ್ತು ನಾನು ಇಲ್ಲೇ ಉಳಿಯೋಳು, ನಾಳೆ ಇವಳನ್ನ ಆಸ್ಪತ್ರೆಗೆ ಸೇರಿಸಿಯೇ ಬರೋಳು. ನಗೋದಾದ್ರೆ ಮೆಲ್ಲಗೆ ನಗಿ."

"ಆಯ್ತಮ್ಮ!" ಎಂದರು ಭಾವ. ಆ ಮಾತು ತಮ್ಮದೇ ಕಿವಿಗೆ ಬಿದ್ದದ್ದೇ ತಡ, ಮೊದಲಿಗಿಂತ ಜೋರಾಗಿ ನಗತೊಡಗಿದರು.