ಜಗಳ ಬಂದ್ರ ಯಾವ ಊರಿಗೆ ಹೋಗ್ತಿ, ಇಂದ್ರಕ್ಕಾ?

ಬನಹಟ್ಟಿಯಲ್ಲಿ ಮಗ್ಗದ ಸಪ್ಪಳವಿಲ್ಲದ ಮನೆ ಮನೆಯೇ ಅಲ್ಲ ಎನ್ನುತ್ತಿದ್ದಳು ಇಂದ್ರವ್ವ. ಈಗ ಅವಳ ಮನೆಯೇ ಹಾಗಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರಿಬಿಟ್ಟಳು. ಮಕ್ಕಳಿಲ್ಲ. ರಸ್ತೆ ಕಡೆಯ ದೊಡ್ಡ ಕೋಣೆ ಖಾಲಿ ಬಿದ್ದಿತ್ತು. ತನ್ನೊಬ್ಬಳಿಗೆ ಏನು ರೊಟ್ಟಿ ಬಡಿಯುವುದು ಎಂದು ಎಷ್ಟೋ ಸಲ ಚುರುಮುರಿ ತಿಂದೇ ಮಲಗುತ್ತಿದ್ದಳು.

ಆ ಕೋಣೆಯಲ್ಲಿ ಚಹಾದಂಗಡಿ ಇಡಬೇಕೆನಿಸಿದ್ದು ಅದಕ್ಕೇ. ನಾಲ್ಕು ಮಂದಿ ಬಂದು ಕೂರಲಿ, ಮಾತಾಡಲಿ. ಒಂದು ದೊಡ್ಡ ಕಂಪನಿ ತನ್ನ ಹೆಸರು, ಬೋರ್ಡು, ಚಹಾಪುಡಿ ಕೊಡುತ್ತದೆ, ಅಂಗಡಿ ನಾವು ನಡೆಸಬೇಕು. ಇದಕ್ಕೆ ಫ್ರಾಂಚೈಸಿ ಅನ್ನುತ್ತಾರೆ. ಆ ಕಂಪನಿಯ ಯುವರಾಜ ದಿನಾ ಫೋನು ಮಾಡುತ್ತಿದ್ದ. "ಅಮ್ಮಾ, ಊಟ ಆಯ್ತಾ?" ಎಂದೇ ಶುರು. ಹಾಗೆ ಕೇಳುವವರು ಅವಳಿಗೆ ಬೇರೆ ಯಾರಿದ್ದರು? ಅವನಿಗೆ ಸುಳ್ಳು ಹೇಳಬಾರದೆಂದು ಫೋನಿಗೆ ಮೊದಲೇ ಉಂಡು ಕೂರುತ್ತಿದ್ದಳು ಪುಣ್ಯಾತಗಿತ್ತಿ!

ಕರಾರುಪತ್ರ ಬಂತು. ಪಕ್ಕದ ಮನೆಯ ರಾಜೇಶ್ವರಿ ಜಮಖಂಡಿಯ ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿ. ಅವಳು ಕೊನೆಯವರೆಗೂ ಓದಿದಳು.

"ಇಂದ್ರಕ್ಕಾ, ಕಂಪನಿ ಜೋಡಿ ಜಗಳ ಬಂದ್ರ ಯಾವ ಊರಿಗೆ ಹೋಗ್ತಿ?"

"ಜಗಳ ಯಾಕ ಬರ್ತೈತಿ ಬಿಡವಾ! ಬಂದ್ರ ಕುಂತು ಮಾತಾಡಿದ್ರಾತು."

"ಇದರಾಗ ಹಂಗ ಬರದಿಲ್ಲಬೇ. ದಿಲ್ಲಿಗೇ ಹೋಗಬೇಕಂತ. ತೀರ್ಪು ಕೊಡೋ ಮಧ್ಯಸ್ಥನ್ನ ಕಂಪನಿನ ಆರಿಸ್ತೈತಂತ. ಎಲ್ಲಾ ಇಂಗ್ಲಿಷಿನಾಗ. ಕೆಟ್ಟ ಚಹಾಪುಡಿ ಕಳಿಸ್ಯಾರಂತ ನೀ ಜಮಖಂಡಿ ಕೋರ್ಟಿಗೆ ಹೋದ್ರೂ, ಸಹಿ ಮಾಡೀರಲ್ಲ, ಅಲ್ಲೇ ಹೋಗ್ರಿ ಅಂತ ಹೊರಗ ಕಳಸಬಹುದು."

ಇಂದ್ರವ್ವನಿಗೆ ಸಿಟ್ಟು ಬಂತು. "ಯುವರಾಜ ಅದಾನಲ್ಲ! ಏನರ ಆದ್ರ ನಾ ನೋಡ್ಕೋತೀನಿ ಅಂದಾನ. ಇದನ್ನ ಕೇಳಿದ್ರ ಅವಗ ಏನ ಅನಿಸ್ತೈತಿ? ನಾಳೆ ಅಂವಾ ಫೋನ್ ಮಾಡ್ತಾನ, ಸಹಿ ಮಾಡಿ ಕಳಸ್ತೇನಿ."

ಖರೆ ಹೇಳಬೇಕೆಂದರೆ ಅವಳಿಗೆ ದಿಲ್ಲಿಯ ಹೆದರಿಕೆ ಇರಲೇ ಇಲ್ಲ. ಪ್ರಶ್ನೆ ಕೇಳಿದರೆ ಆ ಫೋನು ನಿಂತುಹೋದೀತೆಂಬ ಹೆದರಿಕೆ ಇತ್ತು.

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ತಾನೇ ಹಚ್ಚಿದಳು. ಯಾರೋ ಹುಡುಗಿ ಎತ್ತಿದಳು.

"ಯುವರಾಜ್ ಕೆಲಸ ಬಿಟ್ರು ಮೇಡಂ. ಈ ನಂಬರ್ ಈಗ ನನ್ನ ಹತ್ರ ಇದೆ. ತಾವು ಯಾರು?"

ಇಂದ್ರವ್ವ ಖಾಲಿ ಕೋಣೆಯಲ್ಲಿ ಕೂತು ಮನಸಾರೆ ಅತ್ತಳು. ನಾ ನೋಡ್ಕೋತೀನಿ ಎಂದವನು ಹೇಳದೆ ಹೋಗಿದ್ದ. ಕೈಯಲ್ಲಿ ಉಳಿದದ್ದು ಕರಾರುಪತ್ರ ಮಾತ್ರ. ಅದರಲ್ಲಿ ಯುವರಾಜನ ಹೆಸರೇ ಇರಲಿಲ್ಲ.

ಸಂಜೆ ರಾಜೇಶ್ವರಿಯ ಬಾಗಿಲಿಗೆ ಹೋದಳು. "ಏನ ಬರಸ್ಬೇಕು ಹೇಳವಾ."

ಇಬ್ಬರೂ ಜಮಖಂಡಿಗೆ ಹೋದರು. ಸಮಿತಿಯ ವಕೀಲರು ಪುಕ್ಕಟೆಯಾಗಿ ಕಂಪನಿಗೆ ಪತ್ರ ಬರೆದುಕೊಟ್ಟರು: ತಕರಾರು ಬಂದರೆ ಮೊದಲು ಮಾತುಕತೆ, ಆಮೇಲೆ ಮೂರನೆಯವರನ್ನು ಕೂರಿಸಿಕೊಂಡು ಸಂಧಾನ. ಅದಕ್ಕೂ ಬಗೆಹರಿಯದಿದ್ದರೆ ಇಬ್ಬರೂ ಒಪ್ಪಿದ ಮಧ್ಯಸ್ಥ, ಜಮಖಂಡಿಯಲ್ಲಿ, ಕನ್ನಡದಲ್ಲಿ.

ಬಹಳ ದಿನ ಕಂಪನಿಯಿಂದ ಉತ್ತರ ಬರಲಿಲ್ಲ. ಮೈದುನ ಚನಮಲ್ಲಪ್ಪ, "ಕೈಗೆ ಬಂದ ಅಂಗಡಿ ಕಳಕೊಂಡಿ ನೋಡ ವೈನಿ" ಎಂದು ಗೊಣಗಿದ. ಆ ದಿನಗಳು ಅವಳಿಗೆ ಹೋಗಲೊಲ್ಲವು. ಕಡೆಗೆ ಉತ್ತರ ಬಂತು. ಜಮಖಂಡಿ ಆಗುವುದಿಲ್ಲವಂತೆ, ಬಾಗಲಕೋಟೆಯಾದರೆ ಅಡ್ಡಿಯಿಲ್ಲವಂತೆ. ಉಳಿದದ್ದೆಲ್ಲ ಒಪ್ಪಿಗೆ.

"ಬಾಗಲಕೋಟಿಗೆ ಮುಂಜಾನಿ ಹೋದ್ರ ಸಂಜಿಗೆ ಮನಿಗೆ ಬರಬಹುದಲ್ಲ!" ಎಂದ ಚನಮಲ್ಲಪ್ಪ. ಆಮೇಲೆ ರಾಜೇಶ್ವರಿಯ ಕಡೆ ತಿರುಗಿ ಮೆಲ್ಲಗೆ, "ರಾಜವ್ವಾ, ನನ್ನ ಬೀಜದಂಗಡಿ ಕರಾರನೂ ಒಮ್ಮೆ ನೋಡ್ತಿಯೇನ?" ಎಂದ.

ತಿದ್ದಿದ ಕರಾರಿಗೆ ಸಹಿ ಬಿತ್ತು. ಅಂಗಡಿ ತೆರೆದ ದಿನ ಮೊದಲ ಕಪ್ಪು ಚಹಾ ರಾಜೇಶ್ವರಿಗೆ. ಅವಳು ಕಪ್ಪು ಹಿಡಿದುಕೊಂಡೇ ಕೇಳಿದಳು: "ಊಟ ಆತೇನಕ್ಕಾ?"

ಇಂದ್ರವ್ವ ಕಿತ್ತಲಿ ಕೆಳಗಿಟ್ಟಳು. "ಇಲ್ಲವಾ" ಎಂದಳು.

"ಹಂಗಾರ ನಡಿ, ನಮ್ಮ ಮನ್ಯಾಗ ಉಣ್ಣೋಣು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಂಪನಿಯವರು ಎಷ್ಟೇ ಸಿಹಿಯಾಗಿ ಮಾತಾಡಲಿ, ಜಗಳದ ಮಾತು ಬರೆದ ಪುಟವನ್ನು ಓದಿಸಿಕೊಳ್ಳದೆ ಸಹಿ ಮಾಡಬೇಡಿ. ಯಾವ ಊರು, ತೀರ್ಪು ಕೊಡುವವರು ಯಾರು, ಯಾವ ಭಾಷೆ, ಖರ್ಚು ಯಾರದು ಎಂದು ಕೇಳಿ. ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ನೆರವು ಪುಕ್ಕಟೆ. 15100ಕ್ಕೆ ಫೋನು ಹಚ್ಚಿ. ಒಬ್ಬರೇ ಕೂತು ಸಹಿ ಮಾಡಬೇಡಿ, ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ.